ನೀಲಗಂಗವ್ವನ ಹೆಸರಿನ ಸೂಜಿ

ಹುಣಸೆಮರದ ಕೆಳಗೆ ಕುಳಿತವರನ್ನು ದೇವೇಂದ್ರಪ್ಪ ಮೂರನೆಯ ಸಲ ಎಣಿಸಿದ. ಹತ್ತು ತಲೆ. ಮೇಜಿನ ಮೇಲೆ ಕಲ್ಲಿನಡಿ ಒತ್ತಿಟ್ಟಿದ್ದ ಚೀಟಿಗಳು ಮಾತ್ರ ಹನ್ನೊಂದು.

ಎಣಿಕೆಯಲ್ಲಿ ತಪ್ಪುವ ಮನುಷ್ಯ ಅವನಲ್ಲ. ಇವತ್ತೊಂದು ದಿನ ತಪ್ಪಿರಲಿ ದೇವರೇ ಎಂದುಕೊಂಡು ನಾಲ್ಕನೆಯ ಸಲ ಎಣಿಸಿದ. ಆಗಲೂ ಹತ್ತೇ. ಅವನ ಕೈ ತಾನಾಗಿಯೇ ಅಂಗಿಯ ಎಡಗಡೆಯ ಕಿಸೆಗೆ ಹೋಯಿತು. ಅಲ್ಲಿ ತಗಡಿನ ನಶ್ಯದ ಡಬ್ಬಿ ಇತ್ತು. ಡಬ್ಬಿಯೊಳಗೆ ಹತ್ತಿ, ಹತ್ತಿಯ ನಡುವೆ ಕಿರುಬೆರಳಿನಷ್ಟು ಗಾಜಿನ ಕೊಳವೆಯಲ್ಲಿ, ಸೂಜಿ ಒಗ್ಗದೆ ಉಸಿರು ಕಟ್ಟಿದವರಿಗೆ ಕೊಡುವ ಅಡ್ರಿನಲಿನ್ ಔಷಧಿ. ಇರುವುದು ಒಂದೇ.

ಆ ಕೊಳವೆಯನ್ನು ಅವನು ಎದೆಯ ಮೇಲೆ ಇಟ್ಟುಕೊಂಡು ತಿರುಗುವುದಕ್ಕೆ ಕಾರಣವಿತ್ತು. ದೇವೇಂದ್ರಪ್ಪ ಲಕ್ಷ್ಮೇಶ್ವರದವನು. ಮಿರಜ ಸಂಸ್ಥಾನದ ಕಾಲದಲ್ಲಿ ಸೂಜಿ ಹಾಕುವ ನೌಕರಿಗೆ ಸೇರಿದವನು. ಸ್ವಾತಂತ್ರ್ಯ ಬಂತು, ಮರುವರ್ಷವೇ ಸಂಸ್ಥಾನಗಳು ಹೋಗಿ ಎಲ್ಲ ಕಡೆ ಮುಂಬಯಿ ಸರಕಾರವಾಯಿತು, ರಜಿಸ್ಟರಿನ ಮೇಲಿನ ಮುದ್ರೆ ಬದಲಾಯಿತು. ಇನ್ನು ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಶಿರಹಟ್ಟಿಯ ಚಹಾದಂಗಡಿಯಲ್ಲಿ ಮಂದಿ ಮೇಜು ಕುಟ್ಟಿ ಮಾತಾಡುತ್ತಿದ್ದರು. ಇಲಿಗಳಿಗೆ ಮಾತ್ರ ಇದಾವುದರ ಖಬರೇ ಇರಲಿಲ್ಲ. ರಾಜರಿದ್ದಾಗ ಬಿದ್ದು ಸಾಯುತ್ತಿದ್ದಂತೆಯೇ ಸರಕಾರ ಬಂದ ಮೇಲೂ ಬಿದ್ದು ಸಾಯುತ್ತಿದ್ದವು. ಇಲಿ ಬಿದ್ದರೆ ಪ್ಲೇಗು. ಪ್ಲೇಗು ಬಂದರೆ ಜನ ಮನೆಗೆ ಬೀಗ ಜಡಿದು, ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ದೇವೇಂದ್ರಪ್ಪ ಸೂಜಿಯ ಪೆಟ್ಟಿಗೆ ಹೊತ್ತು ಅವರ ಹಿಂದೆ ಹೋಗುತ್ತಿದ್ದ.

ಶಿರಹಟ್ಟಿಯಿಂದ ನಾಲ್ಕು ಮೈಲಿ ದೂರದ ಇದೇ ಊರಿಗೆ ಹೋದ ವರ್ಷವೂ ಬಂದಿದ್ದ. ಆಗ ಇವನಷ್ಟು ನಿಶ್ಚಿಂತ ಮನುಷ್ಯ ಜಿಲ್ಲೆಯಲ್ಲೇ ಇರಲಿಲ್ಲ. ಸೂಜಿ ಹಾಕಿ, ತೋಳು ಒರೆಸಿ, ನಡೀರಿ ಮುಂದಕ ಎನ್ನುತ್ತಿದ್ದ. ಪೆಟ್ಟಿಗೆ ಹಗುರಾಗಲಿ ಎಂದು ಅಡ್ರಿನಲಿನ್ ಕೊಳವೆಯನ್ನು ಟ್ರಂಕಿನಲ್ಲೇ ಬಿಟ್ಟು ಬಂದಿದ್ದ. ಆ ಸಂಜೆ ಹುಲಗಪ್ಪ ಎನ್ನುವ ರೈತ ಓಡಿಬಂದು ಇವನ ಕೈ ಹಿಡಿದು ಎಳೆದುಕೊಂಡು ಹೋದ. ಗುಡಿಸಲಿನಲ್ಲಿ ಅವನ ಹೆಂಡತಿ ತಿಪ್ಪವ್ವ ಬಿದ್ದಿದ್ದಳು. ಮೈತುಂಬ ದದ್ದು. ಕಣ್ಣು ತೆರೆಯಲಾರದಷ್ಟು ಮುಖ ಬಾತಿತ್ತು. ಉಸಿರು ಸಿಳ್ಳು ಹೊಡೆಯುತ್ತಿತ್ತು. ದೇವೇಂದ್ರಪ್ಪನ ಕೈ ಖಾಲಿ. ಹೊಸ್ತಿಲ ಮೇಲೆ ಕುಳಿತು, ಅವಳ ಒಂದೊಂದು ಉಸಿರಿಗೂ ತಾನೇ ಉಸಿರು ಕೊಡುವವನಂತೆ ಬಾಯಿ ತೆರೆದುಕೊಂಡು ಕಾದ. ಎರಡು ತಾಸಿಗೆ ಬಾವು ಇಳಿಯಿತು. ಬದುಕಿದ್ದು ಅವಳ ಗಟ್ಟಿತನದಿಂದ. ಅವನ ವಿದ್ಯೆ ಅವತ್ತು ಟ್ರಂಕಿನಲ್ಲಿತ್ತು.

ಒಗ್ಗದ ಮೈಗೆ ಅದೇ ಔಷಧಿ ಎರಡನೆಯ ಸಲ ಹೋದರೆ ಮೊದಲಿಗಿಂತ ಜೋರಾಗಿ ಏರುತ್ತದೆ, ನಿಮಿಷಗಳಲ್ಲಿ ಜೀವ ಹೋಗಬಹುದು ಎಂದು ಶಿರಹಟ್ಟಿಯ ದವಾಖಾನೆಯ ಡಾಕ್ಟರು ಆಮೇಲೆ ಹೇಳಿದ್ದರು. ದೇವೇಂದ್ರಪ್ಪ ತಿಪ್ಪವ್ವನ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದ. ಹೊಸ ಸರಕಾರದ ಹೊಸ ರಜಿಸ್ಟರು ಬಂದಾಗ ಮಿಕ್ಕ ಯಾವುದನ್ನೂ ಬರೆಯುವ ಮೊದಲು ಅವಳ ಹೆಸರನ್ನು ಕೆಂಪಿನಲ್ಲಿ ಇಳಿಸಿದ. ಅವಳಿಗೂ ಕೈಮುಗಿದು ಹೇಳಿದ್ದ: "ಯವ್ವಾ, ಜನ್ಮದಾಗ ಇನ್ನೊಮ್ಮಿ ಈ ಸೂಜಿ ತಗೋಬ್ಯಾಡ."

ಅಂದಿನಿಂದ ಅವನದೊಂದು ಕಟ್ಟಳೆ. ಸೂಜಿ ಹಾಕಿಸಿಕೊಂಡವರು ಮರದ ಕೆಳಗೆ ಅರ್ಧ ತಾಸು ಕೂರಬೇಕು. ಕೂತವರಿಗೇ ಚೀಟಿ. ಚೀಟಿಯ ಜೊತೆಗೆ, ತನ್ನ ಕೈಯಿಂದಲೇ ದುಡ್ಡು ಹಾಕಿ ತಂದ ಶೇಂಗಾ ಮತ್ತು ಬೆಲ್ಲ. ಸೂಜಿ ಹಾಕಿಸಿಕೊಂಡ ಚೀಟಿ ಇಲ್ಲದವರನ್ನು ನಾಕಾದಲ್ಲಿ ತಡೆದು ಪೇಟೆಯೊಳಗೆ ಬಿಡದೆ ಇದ್ದುದರಿಂದ ಜನ ಗೊಣಗುತ್ತಲೇ ಕೂರುತ್ತಿದ್ದರು. ಅರ್ಧ ತಾಸಿನ ಸಾಹೇಬ ಎಂದು ಅವನಿಗೆ ಹೆಸರೂ ಇಟ್ಟಿದ್ದರು. "ಸೂಜಿ ಹಾಕೂದು ಎರಡ ನಿಮಿಷ, ಕೋಳಿ ಕಾವಿಗೆ ಕುಂದರ್ಸಿದಂಗ ಕುಂದರ್ಸೂದು ಅರ್ಧ ತಾಸು" ಎಂದು ಕರಿಯವ್ವ ಎನ್ನುವ ಮುದುಕಿ ದಿನಾ ನಗಾಡುತ್ತಿದ್ದಳು. ನಗಲಿ, ಎದ್ದು ಹೋಗದಿದ್ದರೆ ಸಾಕು ಎನ್ನುತ್ತಿದ್ದ ದೇವೇಂದ್ರಪ್ಪ.

ಇವತ್ತು ಒಬ್ಬರು ಎದ್ದು ಹೋಗಿದ್ದರು.

ಅವನು ಚೀಟಿಗಳನ್ನು ಕೈಗೆತ್ತಿಕೊಂಡು ಒಂದೊಂದೇ ಹೆಸರು ಕೂಗಿದ. ಹತ್ತಿ ಬಿಡಿಸಲು ಡಂಬಳದ ಕಡೆಯಿಂದ ಒಂದು ಬಂಡಿ ಹೆಂಗಸರು ಬಂದಿದ್ದರು. ಅವರೆಲ್ಲ ಒಟ್ಟಿಗೇ ನುಗ್ಗಿ ಬಂದು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಮುಖವನ್ನು ಆಚೆ ತಿರುಗಿಸಿ ತೋಳನ್ನಷ್ಟೇ ಮುಂದೆ ಚಾಚಿದ್ದರು. ಪರಗಂಡಸಿನ ಮುಂದೆ, ಅದೂ ಸೂಜಿಯ ಮುಂದೆ, ಮುಖ ಕೊಟ್ಟು ನಿಲ್ಲುವ ಹೆಂಗಸು ಈ ಸೀಮೆಯಲ್ಲಿಲ್ಲ. ಇಷ್ಟು ವರ್ಷದಲ್ಲಿ ದೇವೇಂದ್ರಪ್ಪ ಕಂಡದ್ದು ತೋಳುಗಳನ್ನೇ.

"ನೀಲಗಂಗವ್ವ, ಡಂಬಳ."

ಯಾರೂ ಓ ಎನ್ನಲಿಲ್ಲ.

"ನೀಲಗಂಗವ್ವ! ಯಾರವ್ವಾ ನಿಮ್ಮೊಳಗ?"

ಬಂಡಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ಗುಂಪಿನಲ್ಲಿ ಆ ಹೆಸರಿನವರು ಇಲ್ಲವೆಂದರು. ಆಗ ಕರಿಯವ್ವ ಹಲ್ಲಿನ ನಡುವಿನ ಶೇಂಗಾ ಸರಿಸಿಕೊಂಡು ಹೇಳಿದಳು:

"ಡಂಬಳದ ನೀಲಗಂಗವ್ವ ಅಂದ್ರ ನಮ್ಮ ತಿಪ್ಪವ್ವನ ಮಗಳಲ್ಲೇನ್ರೀ ಸಾಹೇಬ್ರ? ಡಂಬಳಕ್ಕ ಕೊಟ್ಟಾರ ಅಕಿನ್ನ. ಅಕಿ ಎಲ್ಲಿಂದ ಬರ್ಬೇಕು, ಇಲ್ಲೇ ತವರಾಗ ಬಾಣಂತಿ ಅದಾಳ. ಹೊರಸು ಬಿಟ್ಟು ಇಳಿದಿಲ್ಲ ಇನ್ನ."

ದೇವೇಂದ್ರಪ್ಪ ಚೀಟಿಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದ. ನಿನ್ನೆಯ ಮಾತು ನೆನಪಾಯಿತು. ನಿನ್ನೆ ಇದೇ ಹೊತ್ತಿಗೆ, ಗದ್ದಲದ ನಡುವೆ, ಹುಲಗಪ್ಪ ಬಂದು ಮೇಜಿನ ಪಕ್ಕ ನಿಂತಿದ್ದ.

"ಮಗಳು ಬಾಣಂತಿ ಅದಾಳ್ರಿ. ಹನ್ನೊಂದ ದಿನಾ ಆತು. ಅಕಿಗೊಂದು ಸೂಜಿ ಹಾಕಿಬಿಡ್ರಿ."

"ಮೈ ಬಿಸಿ ಐತೇನು?"

"ಸಂಜಿಮುಂದ ಒಂದೀಟು ಬಿಸಿ ಆಕ್ಕೈತ್ರಿ."

"ಹಂಗಾರ ಈಗ ಬ್ಯಾಡ. ತಿಂಗಳ ತುಂಬಲಿ, ನೋಡೂಣು."

ಹುಲಗಪ್ಪ ಹೋಗಲಿಲ್ಲ. ತಲೆ ಕೆರೆದುಕೊಂಡು ಮತ್ತೆ ಕೇಳಿದ: "ಅಕಿ ಬದ್ಲಿ ಮನ್ಯಾಗಿನವ್ರು ತಗೊಂಡ್ರ ನಡೀತೈತೇನ್ರಿ?"

ದೇವೇಂದ್ರಪ್ಪ ಸೂಜಿ ಕುದಿಸುತ್ತಿದ್ದ. ತಲೆಯನ್ನೂ ಎತ್ತದೆ ಹೇಳಿದ್ದ: "ನಡೀತೈತಿ, ನಡೀತೈತಿ. ಮನ್ಯಾಗಿನವ್ರು ತಗೊಂಡ್ರ ಅಕಿಗೂ ಛಲೋನ."

ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಮನೆಯವರಿಗೆ ರೋಗ ತಗಲದಿದ್ದರೆ ಬಾಣಂತಿಗೂ ಅಷ್ಟು ಕ್ಷೇಮ. ಆದರೆ ಕೇಳಿದವನು ಹುಲಗಪ್ಪ. ಮಗುವಿಗೆ ಜ್ವರ ಬಂದರೆ ಮಗುವಿನ ಹೆಸರಿನಲ್ಲಿ ತಾಯಿ ದೀಡ ನಮಸ್ಕಾರ ಹಾಕುವ ಊರು ಇದು. ತಾಯಿ ಒದ್ದೆ ಸೀರೆಯಲ್ಲಿ ದಾರಿಯುದ್ದಕ್ಕೂ ಅಡ್ಡಬಿದ್ದು ಎದ್ದು ಗುಡಿ ಮುಟ್ಟುತ್ತಾಳೆ, ಜ್ವರ ಮಗುವಿನದು ಇಳಿಯುತ್ತದೆ. ಹರಕೆ ಯಾರ ಮೈಮೇಲೆ ತೀರಿದರೂ ಯಾರ ಹೆಸರಿನಲ್ಲಿ ಹೊತ್ತರೋ ಅವರಿಗೆ ಮುಟ್ಟುತ್ತದೆ. ಹಾಗಾದರೆ ಸೂಜಿಯೂ ಮುಟ್ಟಬೇಕಲ್ಲ? ಸರಕಾರದ ಸಾಹೇಬನೇ ನಡೆಯುತ್ತದೆ ಎಂದಮೇಲೆ ಇನ್ನೇನು? ಮಗಳ ಹರಕೆಯನ್ನು ಅಪ್ಪ ತೀರಿಸಲು ಬರುವುದಿಲ್ಲ. ತಾಯಿಯೇ ತೀರಿಸಬೇಕು. ಬಂಡಿಯ ಹೆಂಗಸರ ನಡುವೆ ಮಗಳ ಹೆಸರು ಹೇಳಿ ತೋಳು ಚಾಚಿದವಳು ತಿಪ್ಪವ್ವನೇ.

ಹೋದ ವರ್ಷ ಅವನು ನೋಡಿದ್ದು ತಿಪ್ಪವ್ವನ ಬಾತ ಮುಖ. ಬಾವಿಲ್ಲದ ಅವಳ ಮುಖ ಅವನಿಗೆ ಗೊತ್ತೇ ಇರಲಿಲ್ಲ. ಅವಳು ಎದುರಿಗೇ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ.

"ಅಕಿ ಎಲ್ಲಿ ಹೋದ್ಲು?" ಅವನು ಮೇಜು ಬಿಟ್ಟು ಎದ್ದ. "ತಿಪ್ಪವ್ವ! ಯಾರರ ನೋಡಿದ್ರೇನು?"

"ನಾ ನೋಡೇನ್ರಿ" ಎಂದಳು ಕರಿಯವ್ವ. ಅವಳ ನಗು ಹಾರಿಹೋಗಿತ್ತು. "ಈಗರ, ಹತ್ತ ನಿಮಿಷ ಆಗಿರ್ಬೇಕು. ಊರಾಗ ಹೊಂಟಿದ್ಲು. ಯಾಕ ಬೇ ತಿಪ್ಪವ್ವಾ, ಇಲಿ ಬಿದ್ದ ಊರಾಗ ಯಾಕ ಹೊಂಟಿ ಅಂತ ಒದರಿದೆ. ತಿರುಗಿ ಸೈತ ನೋಡ್ಲಿಲ್ಲ. ಸಿಟ್ಟಾಗ್ಯಾಳೇನೋ ಅಂತ ಸುಮ್ಮನಾದ್ನಿ." ಮರುಕ್ಷಣವೇ ತಾನೇ ತಿದ್ದಿಕೊಂಡಳು: "ಇಲ್ರಿ, ಸಿಟ್ಟಲ್ಲ. ಮಗಳ ಹೆಸರಲೆ ತಗೊಂಡಾಳಂದ್ರ ಅದು ಹರಕಿನ. ತಗೊಂಡ ಮ್ಯಾಲ ಹರಕಿ ತೀರೂಮಟ ಮಾತಾಡಬಾರ್ದು. ಮನಿ ಹೊಸ್ತಿಲಾ ಮುಟ್ಟಿ, ಆಮ್ಯಾಗ ಮಗಳನ್ನ ಮುಟ್ಟಬೇಕು. ಅಲ್ಲೀತನಕ ಮೌನ."

ದೇವೇಂದ್ರಪ್ಪ ಕುದಿಸಿಟ್ಟಿದ್ದ ಪಿಚಕಾರಿಯನ್ನು ಸ್ಪಿರಿಟ್ಟಿನ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದ. ಊರು ಕಾಯುವ ವಾಲೀಕಾರ ಮಹಬೂಬಸಾಬ ಕೋಲು ಹಿಡಿದು ಹಿಂದೆಯೇ ಬಂದ. ಮಿಕ್ಕವರು ಅಗಸೆ ಬಾಗಿಲವರೆಗೆ ಬಂದು ನಿಂತುಬಿಟ್ಟರು. ಊರೊಳಗೆ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅವರನ್ನು ಬೈಯಲು ಅವನಿಗೆ ಬಾಯಿಯೂ ಇರಲಿಲ್ಲ. ಒಳಗೆ ಹೋಗಬೇಡಿ ಎಂದು ಊರೆಲ್ಲ ಸಾರಿದವನು ಅವನೇ.

ಮಧ್ಯಾಹ್ನದ ಬಿಸಿಲಿನಲ್ಲಿ ಊರು ಖಾಲಿ ಬಿದ್ದಿತ್ತು. ಬಾಗಿಲಿಗೆ ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಧೂಳು. ಎಲ್ಲೋ ಒಂದು ಕಿಟಕಿಯ ಕದ ಗಾಳಿಗೆ ಬಡಿಯುತ್ತಿತ್ತು. ಒಂದು ಮನೆಯ ಮುಂದೆ ಎರಡು ಇಲಿ ಹೊಟ್ಟೆ ಮೇಲಾಗಿ ಬಿದ್ದಿದ್ದವು. ದೇವೇಂದ್ರಪ್ಪ ಅವುಗಳನ್ನು ದಾಟಿದ. ಕಾಲು ಓಡುತ್ತಿದ್ದರೂ ಬಲಗೈ ಮಾತ್ರ ಎದೆಯ ಕಿಸೆಯ ಮೇಲೆ ಒತ್ತಿಕೊಂಡಿತ್ತು. ಬಿದ್ದರೆ ಕೊಳವೆ ಒಡೆಯುತ್ತದೆ, ಒಡೆದರೆ ಮುಗಿಯಿತು. ಬೀಳಬಾರದೆಂದರೆ ನಿಧಾನ ಓಡಬೇಕು, ನಿಧಾನ ಓಡಿದರೂ ಮುಗಿಯಿತು. ಅಷ್ಟು ಹೆದರಿಕೆ ಅವನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

"ತಿಪ್ಪವ್ವಾ! ಎಲ್ಲಿದ್ದೀ? ಓ ಅನ್ನಬೇ!"

ಉತ್ತರವಿಲ್ಲ. ಸತ್ತಿದ್ದಾಳೋ, ಮೌನ ಹಿಡಿದಿದ್ದಾಳೋ? ಎರಡೂ ಒಂದೇ ಥರ ಕೇಳಿಸುತ್ತಿದ್ದವು.

"ಇಲ್ಲೇ ಬರ್ರೀ, ಜಲ್ದಿ!" ಮಹಬೂಬಸಾಬ ಓಣಿಯ ತಿರುವಿನಿಂದ ಕೂಗಿದ.

ಅವಳು ತನ್ನ ಮನೆಯ ಮುಂದೆ, ಬೀಗ ಹಾಕಿದ ಬಾಗಿಲಿಗೆ ತಲೆ ಕೊಟ್ಟು ಬಿದ್ದಿದ್ದಳು. ಒಂದು ಕೈ ಹೊಸ್ತಿಲ ಮೇಲಿತ್ತು. ದೇವೇಂದ್ರಪ್ಪ ಬಗ್ಗಿ ಸೆರಗು ಸರಿಸಿದ. ಈಗ ಗುರುತು ಸಿಕ್ಕಿತು. ಅದೇ ಮುಖ. ಉಬ್ಬಿದ ತುಟಿ, ಮುಚ್ಚಿಹೋದ ಕಣ್ಣು, ಕುತ್ತಿಗೆಯ ತುಂಬ ಕೆಂಪು ದದ್ದು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸಿಳ್ಳು. ಹೊರಗೆ ಬರುವಾಗ ಅದೂ ಇಲ್ಲ.

ನಾಡಿ ಹಿಡಿದ. ಸಿಗಲಿಲ್ಲ. ಇನ್ನೂ ಒತ್ತಿ ಹಿಡಿದ. ದಾರದೆಳೆಯಷ್ಟು ಸಿಕ್ಕಿತು. "ಕಾಲು ಮ್ಯಾಲ ಮಾಡು, ಕಟ್ಟಿ ಮ್ಯಾಲ ಇಡು" ಎಂದು ಮಹಬೂಬಸಾಬನಿಗೆ ಹೇಳಿ ಡಬ್ಬಿ ತೆಗೆದ. ಕೊಳವೆಯ ಕುತ್ತಿಗೆ ಮುರಿಯುವಾಗ ಬೆರಳು ಕೊಯ್ದು ರಕ್ತ ಬಂತು. ಅವನಿಗೆ ಅದು ತಿಳಿಯಲೇ ಇಲ್ಲ. ಹಲ್ಲು ಕಚ್ಚಿ, ಅರ್ಧ ಔಷಧಿಯನ್ನು ತೋಳಿಗೆ ಇಳಿಸಿದ. ಗಡಿಯಾರ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

ಒಂದು ನಿಮಿಷ. ಎರಡು. ಸಿಳ್ಳು ಸಣ್ಣಗಾಗುತ್ತಿತ್ತೇ ಹೊರತು ಉಸಿರು ದೊಡ್ಡದಾಗುತ್ತಿರಲಿಲ್ಲ. ಮಹಬೂಬಸಾಬ ಕಣ್ಣುಮುಚ್ಚಿ ತುಟಿಯೊಳಗೇ ಏನೋ ಪಠಿಸುತ್ತಿದ್ದ. ದೇವೇಂದ್ರಪ್ಪನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ನಡೀತೈತಿ ಅಂದವನು ನಾನು. ಯಾರು ತಗೊಳ್ಳುತ್ತಾರೆ ಎಂದು ಒಂದು ಮಾತು ಕೇಳಲಿಲ್ಲ. ಕೆಂಪು ಶಾಯಿಯಲ್ಲಿ ಬರೆದುಕೊಂಡೆ, ಅರ್ಧ ತಾಸು ಕೂರಿಸಿದೆ, ಶೇಂಗಾ ಹಂಚಿದೆ. ತಲೆ ಎತ್ತಿ ಒಂದು ಮಾತು ಕೇಳುವುದನ್ನು ಮಾತ್ರ ಬಿಟ್ಟೆ.

ಐದನೆಯ ನಿಮಿಷಕ್ಕೆ ಉಳಿದರ್ಧವನ್ನೂ ಹಾಕಿದ. ಇನ್ನು ಅವನ ಹತ್ತಿರ ಏನೂ ಇರಲಿಲ್ಲ. ಹೋದ ವರ್ಷದ ಹಾಗೆಯೇ ಖಾಲಿ ಕೈ, ಅದೇ ಹೆಂಗಸು. ಅವನು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತ.

ಸ್ವಲ್ಪ ಹೊತ್ತಿಗೆ ಅವಳ ಎದೆ ಒಮ್ಮೆ ಜೋರಾಗಿ ಏರಿತು. ಇಳಿಯಿತು. ಮತ್ತೆ ಏರಿತು. ಬಾತ ರೆಪ್ಪೆಗಳ ನಡುವೆ ಕಣ್ಣಿನ ಸಣ್ಣ ಗೆರೆ ಕಾಣಿಸಿತು. ನಾಡಿ ಈಗ ಕುದುರೆಯಂತೆ ಓಡುತ್ತಿತ್ತು. ಓಡಲಿ, ಓಡಲಿ ಎಂದ ದೇವೇಂದ್ರಪ್ಪ.

"ಯವ್ವಾ, ನನ್ನ ಮಾತು ಕೇಳಸ್ತೈತೇನು? ಒಂದು ಮಾತಾಡು. ಗಂಟಲು ಬಿಟ್ಟೈತೋ ಇಲ್ಲೋ ನನಗ ತಿಳೀಬೇಕು. ಏನರ ಅನ್ನು."

ಅವಳು ತಲೆ ಅಲ್ಲಾಡಿಸಿದಳು. ಒಲ್ಲೆನೆಂದು.

"ನಿನ್ನ ಕಾಲಿಗೆ ಬೀಳ್ತೀನಿ. ಒಂದು ಮಾತು. ನಿನ್ನ ಹೆಸರು ಹೇಳು ಸಾಕು."

ಅವಳು ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ಆಮೇಲೆ ಅದೇ ಬೆರಳನ್ನು ಊರಾಚೆಯ ಹೊಲದ ಕಡೆಗೆ ತೋರಿಸಿದಳು. ಸಾಯುವ ಹೊತ್ತಿನಲ್ಲೂ ಈ ಹಟವೇ ಎಂದು ದೇವೇಂದ್ರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ಅಳು ಬಂತು. ಔಷಧಿಯ ಜೋರು ಇಳಿದ ಮೇಲೆ ಬಾವು ತಿರುಗಿ ಏರುವುದುಂಟು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವಳನ್ನು ಶಿರಹಟ್ಟಿಯ ದವಾಖಾನೆ ಮುಟ್ಟಿಸಬೇಕು. ಬಂಡಿ ಇರುವುದೂ ಹೊಲದಲ್ಲೇ.

ಅಷ್ಟರಲ್ಲಿ ಕರಿಯವ್ವನಿಂದ ಸುದ್ದಿ ಕೇಳಿದ ಹುಲಗಪ್ಪ ಇನ್ನೊಬ್ಬನೊಂದಿಗೆ ಹೊರಸು ಹೊತ್ತುಕೊಂಡು ಓಣಿಯೊಳಗೆ ಬಂದ. ಹೆಂಡತಿಯನ್ನು ನೋಡಿದವನೇ ನೆಲಕ್ಕೆ ಕುಸಿದ. "ನಾ ಅಕಿಗೆ ನೀ ತಗೋ ಅಂತ ಹೇಳಿಲ್ರೀ ಸಾಹೇಬ್ರ. ನೀವಂದದ್ದು ಅಂದೆ, ಅಷ್ಟ. ನಾ ತಗೋತೀನಿ ಅಂದಿದ್ನಿ" ಎಂದು ಎದೆ ಬಡಿದುಕೊಂಡ.

"ಏಳು, ಹೊರಸು ಎತ್ತು" ಎಂದ ದೇವೇಂದ್ರಪ್ಪ. "ತಪ್ಪು ಯಾರದು ಅಂತ ಆಮ್ಯಾಗ ಹೇಳ್ತೀನಿ. ಅದು ನಿನ್ನದಲ್ಲ."

ಅವಳನ್ನು ಹೊತ್ತು ಗುಡಿಸಲ ಮುಂದೆ ಇಳಿಸಿದರು. ಮಹಬೂಬಸಾಬ ಬಂಡಿ ಹೂಡಲು ಓಡಿದ. ಒಳಗಿನಿಂದ ಅಜವಾನದ ಹೊಗೆ ಬರುತ್ತಿತ್ತು. ಕೂಸು ಕುಂಯ್‌ಗುಡುತ್ತಿತ್ತು. ಸುದ್ದಿ ತಿಳಿದು ನೀಲಗಂಗವ್ವ ತಲೆಗೆ ಕಟ್ಟಿದ ಬಟ್ಟೆಯಲ್ಲೇ ಬಾಗಿಲಿಗೆ ಬಂದಿದ್ದಳು. "ಯವ್ವಾ, ಏನಾತು ಬೇ ನಿನಗ?" ಎಂದು ಬಿಕ್ಕುತ್ತ ಹೊರಸಿನ ಪಕ್ಕ ಕುಕ್ಕರಿಸಿದಳು. ತಿಪ್ಪವ್ವ ಸೂಜಿ ಚುಚ್ಚಿದ ತೋಳನ್ನು ನಿಧಾನವಾಗಿ ಎತ್ತಿ ಮಗಳ ತೋಳಿಗೆ ಒತ್ತಿ ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.

ಆಮೇಲೆ ಬಾಯಿ ತೆರೆದಳು. ದನಿ ಗೊಗ್ಗರಾಗಿತ್ತು.

"ಆತು. ಮುಟ್ಟಿತು." ಉಸಿರು ತೆಗೆದುಕೊಂಡಳು. "ಇನ್ನ ಅಕಿಗೆ ಅಂಜಿಕಿ ಇಲ್ಲಲ್ರೀ ಸಾಹೇಬ್ರ? ನಾಳಿಗಿ ಮನಿಗೆ ಕರಕೊಂಡು ಹೋಗ್ತೀನಿ. ಈ ಗುಡಸಲದಾಗ ಥಂಡಿಗೆ ಕೂಸು ನಡಗಾಕತ್ತೈತಿ. ಎರಡ ರಾತ್ರಿ ಆತು ನೋಡಾಕತ್ತೇನಿ."

ಎಲ್ಲರೂ ದೇವೇಂದ್ರಪ್ಪನ ಕಡೆ ನೋಡಿದರು. ಹುಲಗಪ್ಪ, ಕರಿಯವ್ವ, ತಲೆಗೆ ಬಟ್ಟೆ ಕಟ್ಟಿದ ಆ ಹುಡುಗಿ. ಅವನ ಕಣ್ಣಿಗೆ ಮಾತ್ರ ಓಣಿಯಲ್ಲಿ ಹೊಟ್ಟೆ ಮೇಲಾಗಿ ಬಿದ್ದಿದ್ದ ಎರಡು ಇಲಿ ಕಂಡವು. ಹೌದು ಎಂದುಬಿಡಬಹುದಿತ್ತು. ಈಗಷ್ಟೇ ಉಸಿರು ಬಂದವಳಿಗೆ ಒಂದು ಹೌದು ಎಷ್ಟು ಹಿತವಾಗಿರುತ್ತಿತ್ತು! ನಿನ್ನೆಯೂ ಅಂಥದೇ ಒಂದು ಹೌದನ್ನು ಅವನು ತಲೆ ಎತ್ತದೆ ಕೊಟ್ಟಿದ್ದ.

ಅವನು ಹೊರಸಿನ ಪಕ್ಕ ಮೊಣಕಾಲೂರಿ ಅವಳ ಮುಖವನ್ನೇ ನೋಡುತ್ತ ಹೇಳಿದ.

"ಇಲ್ಲವ್ವಾ. ಮುಟ್ಟಿಲ್ಲ. ಸೂಜಿ ಹರಕಿ ಅಲ್ಲ. ಯಾರ ಮೈಯಾಗ ಹೋಗತೈತೋ ಅವರಿಗಷ್ಟ. ನಿನ್ನೆ ನಾ ಬಿಡಿಸಿ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದು. ನಿನ್ನ ಮಗಳಿಗೆ ಏನೂ ಆಸರ ಆಗಿಲ್ಲ. ಅಕಿನ್ನ ಊರಾಗ ಒಯ್ಯಬ್ಯಾಡ್ರಿ."

"ಅಂದ್ರ ನಾ ಇಷ್ಟೆಲ್ಲಾ..." ಎಂದ ತಿಪ್ಪವ್ವ ಮಗಳ ತೋಳಿನ ಮೇಲಿದ್ದ ತನ್ನ ಕೈಯನ್ನು ನೋಡಿದಳು.

ಆಮೇಲೆ ಅತ್ತಳು. ಹೊಲದಾಚೆ ಹತ್ತಿ ಬಿಡಿಸುತ್ತಿದ್ದವರು ತಿರುಗಿ ನೋಡುವಂತೆ, ಗುಡಿಸಲೊಳಗಿನ ಕೂಸು ಬೆಚ್ಚಿ ಎಚ್ಚರಾಗುವಂತೆ, ಬಾಯಿ ದೊಡ್ಡದು ಮಾಡಿಕೊಂಡು ಅತ್ತಳು. ಮಗಳು ಅವಳನ್ನು ತಬ್ಬಿಕೊಂಡಳು. ಹುಲಗಪ್ಪ ಮುಖ ಮುಚ್ಚಿಕೊಂಡ.

ದೇವೇಂದ್ರಪ್ಪ ಆ ಅಳುವಿಗೆ ಕಿವಿಗೊಟ್ಟು ಕುಳಿತ. ಸಿಳ್ಳು ಇದೆಯೇ ಎಂದು ಹುಡುಕಿದ, ಇರಲಿಲ್ಲ. ಗಂಟಲು ಪೂರ್ತಿ ಬಿಟ್ಟಿತ್ತು. ತಾಯಿಯೊಬ್ಬಳು ಅಷ್ಟು ನೋವಿನಿಂದ ಅಳುತ್ತಿರುವಾಗ ತನಗೆ ಅಷ್ಟು ಸಂತೋಷವಾಗುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಅವಳು ಸುಮ್ಮನಾಗಬಾರದು, ಶಿರಹಟ್ಟಿ ಮುಟ್ಟುವವರೆಗೂ ಹೀಗೇ ಅಳುತ್ತಿರಲಿ ಎಂದು ಬೇಡಿಕೊಳ್ಳುತ್ತ, ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಬಂಡಿಯ ದಾರಿ ನೋಡಿದ.